ಕೆಳದೊಡ್ಡಿಯ ಸರದಿ

ಸರದಿ ಕೆಳದೊಡ್ಡಿಗೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಯುರೋಪಿನವರು ತಮ್ಮ ಅಧ್ಯಕ್ಷಗಿರಿಯ ಕಟ್ಟಳೆ ಬದಲಾಯಿಸಲು ಹೊರಟರು. ಎಲ್ಲಿಯ ಯುರೋಪು, ಎಲ್ಲಿಯ ಕೆಳದೊಡ್ಡಿ. ಬಿಡದಿಯಲ್ಲಿ ಬಸ್ಸಿಳಿದು ಮಣ್ಣುದಾರಿ ಹಿಡಿದರೆ ಹಳ್ಳದ ತುದಿಯಲ್ಲಿ ಸಿಗುವ ಜನತಾ ಮನೆಗಳ ಕಾಲೋನಿ ಅದು. ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದವನು ಅದೇ ಕಾಲೋನಿಯಲ್ಲಿ ಹುಟ್ಟಿ, ಓದಿ, ಹೈಸ್ಕೂಲು ಮೇಷ್ಟ್ರಾದ ಮುನಿಕೃಷ್ಣ.

ಶುರುವಾದದ್ದು ನೀರಿನಿಂದ. ಮೇಲುಗಡೆ ಕೈಗಾರಿಕಾ ಪ್ರದೇಶ ಎದ್ದ ಮೇಲೆ ಹಳ್ಳದ ನೀರಿಗೆ ವಾರಕ್ಕೊಂದು ಬಣ್ಣ ಬಂತು. ಮೊದಲು ಮೀನು ಸತ್ತವು. ಆಮೇಲೆ ನೀರು ಕುಡಿದ ಗಬ್ಬದ ಎಮ್ಮೆಗಳು ಕಂದು ಹಾಕಿದವು. ಆ ನೀರು ಹಾಯಿಸಿ ಬೆಳೆದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ರೇಷ್ಮೆಹುಳು ತಲೆ ಎತ್ತಿಕೊಂಡು ಸುಮ್ಮನೆ ಕೂತವು. ನಾಲ್ಕನೇ ಜ್ವರ ದಾಟಿ ಕೊನೆಯ ಪೊರೆ ಕಳಚಿದ ಹುಳ ಕೂಡ ಗೂಡು ಕಟ್ಟುವಷ್ಟು ಹಣ್ಣಾಗದೆ ತಟ್ಟೆಯಲ್ಲೇ ಕಪ್ಪಾಗಿ ಕರಗಿತು. ಹಿರೇದೊಡ್ಡಿಯ ಗೌಡರ ಮನೆಯ ಹುಳ ಸಾಯತೊಡಗಿದ ಮೇಲೆ ಹಳ್ಳದುದ್ದದ ಆರು ಊರುಗಳಿಗೆ ಒಗ್ಗಟ್ಟು ನೆನಪಾಯಿತು. ಅದಕ್ಕೆ ಮೊದಲೇ ಕೆಳದೊಡ್ಡಿಯ ಮಕ್ಕಳಿಗೆ ಮೈತುಂಬ ಕಜ್ಜಿ ಎದ್ದಿತ್ತು. ಅದಕ್ಕೆ ಯಾರೂ ಒಕ್ಕೂಟ ಕಟ್ಟಿರಲಿಲ್ಲ.

ಎರಡು ಸಾವಿರದ ಐದರ ಮುಂಗಾರಿನ ಹೊತ್ತು. ಒಕ್ಕೂಟವೇನೋ ಆಯಿತು, ಅಧ್ಯಕ್ಷ ಯಾರಾಗಬೇಕೆಂದು ಕಿತ್ತಾಟ. ಹಿರೇದೊಡ್ಡಿಯ ಪುಟ್ಟಸ್ವಾಮಿ ಗೌಡರು ತಮ್ಮದೇ ಎಂದುಕೊಂಡಿದ್ದರು. ಗವಿದೊಡ್ಡಿಯವರು ನಮ್ಮದೂ ಭೂಮಿಯೇ ಎಂದರು. ಆಗ ಮುನಿಕೃಷ್ಣ ಎದ್ದು ನಿಂತ. ಪ್ರತಿ ಭಾನುವಾರ ರಾಮನಗರದಲ್ಲಿ ಒಂದು ಸೈಕಲ್ ಶಾಪಿನ ಮಹಡಿಯ ಮೇಲೆ ನಾಲ್ಕಾರು ಗೆಳೆಯರು ಕೂತು ಪತ್ರಿಕೆ, ಪುಸ್ತಕ ಓದಿ ಚರ್ಚೆ ಮಾಡುತ್ತಿದ್ದರು. ಅಲ್ಲಿ ಓದಿದ್ದನ್ನು ಹೇಳಿದ.

"ಯುರೋಪಿನಲ್ಲಿ ಇಪ್ಪತ್ತೈದು ದೇಶ ಸೇರಿ ಒಂದು ಒಕ್ಕೂಟ ಮಾಡ್ಕೊಂಡವೆ ಗೌಡ್ರೆ. ಅಧ್ಯಕ್ಷಗಿರಿ ಆರಾರು ತಿಂಗಳಿಗೆ ಒಂದೊಂದು ದೇಶಕ್ಕೆ. ದೊಡ್ಡದು ಚಿಕ್ಕದು ಅಂತಿಲ್ಲ. ಈಗ ನಡೀತಿರೋದು ಲಕ್ಸೆಂಬರ್ಗ್ ಅನ್ನೋ ದೇಶದ ಸರದಿ. ನಮ್ಮ ಎರಡು ತಾಲ್ಲೂಕಿನ ಜನ ಇದ್ದಷ್ಟೇ ಅದು."

"ಜರ್ಮನಿಗೂ ಆರು ತಿಂಗಳು, ಆ ಚೂರು ದೇಶಕ್ಕೂ ಆರೇ ತಿಂಗಳಾ?" ಗೌಡರಿಗೆ ನಗು ಬಂತು. "ಒಳ್ಳೆ ದೇಶ ಕಣಪ್ಪ ಅದು."

ಕಿತ್ತಾಟ ನಿಲ್ಲಿಸಲು ಅದೇ ದಾರಿ ಎಂದು ಎಲ್ಲರೂ ಒಪ್ಪಿದರು. ನೀರು ಹರಿಯುವ ಕ್ರಮದಲ್ಲೇ ಸರದಿ ಎಂದಾಯಿತು: ಹಿರೇದೊಡ್ಡಿ, ಗವಿದೊಡ್ಡಿ, ತೋಪಿನಪಾಳ್ಯ, ಅಂಕನಪಾಳ್ಯ, ನೂಲು ತೆಗೆಯುವ ಸಾಬರಿದ್ದ ದರ್ಗಾಪಾಳ್ಯ, ಕೊನೆಗೆ ಕೆಳದೊಡ್ಡಿ. ಅವಧಿ ಮುಗಿದ ಅಧ್ಯಕ್ಷರು ಹೆಗಲ ಮೇಲಿನ ಹಸಿರು ಟವೆಲ್ಲು ತೆಗೆದು ಮುಂದಿನವರ ಹೆಗಲಿಗೆ ಹಾಕುವುದು ಎಂಬ ಪದ್ಧತಿಯನ್ನೂ ಗೌಡರೇ ತಂದರು. ಊರು ಆರು, ಟವೆಲ್ಲು ಒಂದೇ. ಅದು ಕೆಳದೊಡ್ಡಿಯ ಹೆಗಲಿನಿಂದ ಮತ್ತೆ ಹಿರೇದೊಡ್ಡಿಯ ಹೆಗಲಿಗೆ ಏರಬೇಕಾಗುತ್ತದೆ ಎಂಬುದು ಅವತ್ತು ಯಾರ ತಲೆಗೂ ಹೊಳೆಯಲಿಲ್ಲ. ಅಷ್ಟು ದೂರ ಒಕ್ಕೂಟ ಉಳಿಯುತ್ತದೆಂದು ನಂಬಿದವರಾದರೂ ಯಾರು?

ಉಳಿಯಿತು. ಧರಣಿ ಕೂತರು, ಹೆದ್ದಾರಿ ತಡೆದರು, ಬಣ್ಣದ ನೀರನ್ನು ಬಿಂದಿಗೆಯಲ್ಲಿ ತುಂಬಿಕೊಂಡು ಹೋಗಿ ಅಧಿಕಾರಿಗಳ ಮೇಜಿನ ಮೇಲಿಟ್ಟು ಕುಡಿಯಿರಿ ಎಂದರು. ಎರಡೂವರೆ ವರ್ಷಕ್ಕೆ ಕಾರ್ಖಾನೆಗಳವರು ಮಣಿದರು. ಹೊಲಸು ನೀರನ್ನು ಹಳ್ಳಕ್ಕೆ ಬಿಡುವುದಿಲ್ಲ, ನೆಲದೊಳಗೆ ಪೈಪು ಹಾಕಿ ಊರುಗಳ ಆಚೆಗೆ ಸಾಗಿಸುತ್ತೇವೆ, ಖರ್ಚು ನಮ್ಮದೇ, ಒಕ್ಕೂಟದ ಒಪ್ಪಿಗೆ ಬೇಕು ಎಂದರು. ಸರ್ವೆಯವರು ಎರಡು ದಾರಿ ಗುರುತಿಸಿದರು. ಒಂದು, ಗೌಡರ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಹಾದು ಅವರ ಅಣ್ಣನ ಮಗ ಕೆಂಪರಾಜು ಸೈಟು ಮಾಡಿ ಮಾರಲು ಕಲ್ಲು ನೆಟ್ಟಿದ್ದ ಜಮೀನನ್ನು ಸೀಳುತ್ತಿತ್ತು. ಇನ್ನೊಂದು ಕೆಳದೊಡ್ಡಿಯವರು ತಲೆತಲಾಂತರದಿಂದ ಹೆಣ ಹೂಳುವ ಗುಂಡುತೋಪಿನ ನಡುವೆ.

ಒಪ್ಪಿಗೆಗೆ ಅಧ್ಯಕ್ಷರ ಸಹಿ ಬೇಕಿತ್ತು. ಕಾಗದಪತ್ರ ಸಿದ್ಧವಾಗುವುದು ಹೊಸ ವರ್ಷಕ್ಕೆ. ಜನವರಿ ಒಂದರಿಂದ ಅಧ್ಯಕ್ಷೆ ಕೆಳದೊಡ್ಡಿಯ ದೊಡ್ಡಲಕ್ಷ್ಮಮ್ಮ.

ದೊಡ್ಡಲಕ್ಷ್ಮಮ್ಮ ಮುನಿಕೃಷ್ಣನ ಸೋದರತ್ತೆ. ಹುಳದ ಮನೆಗಳಲ್ಲಿ ಕೂಲಿ ಮಾಡಿ ಅವನನ್ನು ಸಾಕಿದವಳು. ಧರಣಿಗಳಲ್ಲಿ ಮುಂದೆ ಕೂತು ಪೊಲೀಸರ ಲಾಠಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ್ದ ಅವಳನ್ನು ಕಾಲೋನಿಯವರು ಒಕ್ಕೊರಲಿನಿಂದ ಆರಿಸಿದ್ದರು. ತೋಪಿನ ದಾರಿಗೆ ಅವಳು ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗೌಡರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನ ಒಂದು ಸಂಜೆ ಗೌಡರ ಮನೆಯಿಂದ ಮುನಿಕೃಷ್ಣನಿಗೆ ಕರೆ ಬಂತು. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಗೌಡರ ಹೆಂಡತಿ ಸಿದ್ದಮ್ಮ ಕಾಫಿ ತಂದು ಗೌಡರಿಗೂ ಕೆಂಪರಾಜುವಿಗೂ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಮುನಿಕೃಷ್ಣನಿಗೆ ಕುಡಿದು ಬಿಸಾಡುವ ಕಪ್ಪು. ಆ ಕಪ್ಪುಗಳು ಬಂದ ಮೇಲೆ ಹಳ್ಳಿಗಳಲ್ಲಿ ಅಸ್ಪೃಶ್ಯತೆ ಬಹಳ ಸ್ವಚ್ಛವಾಗಿತ್ತು.

"ಮೇಷ್ಟ್ರೆ, ಹೋದ ಮೀಟಿಂಗಲ್ಲಿ ಅದೇನೋ ಯೋಳಿದ್ರಲ್ಲ, ಯುರೋಪಿನೋರು ಹೊಸ ಒಪ್ಪಂದ ಮಾಡ್ಕತಾವ್ರೆ ಅಂತ," ಕೆಂಪರಾಜು ಶುರು ಮಾಡಿದ. "ನಂಗೆ ಒಸಿ ಬುಡ್ಸಿ ಯೋಳಿ."

ಹೇಳಿದ್ದು ನಿಜ. ಓದಿದ್ದನ್ನು ಹೇಳದೆ ಇರಲಾಗದ ಚಟ ಮುನಿಕೃಷ್ಣನದು. ಲಿಸ್ಬನ್ ಎಂಬ ಊರಿನಲ್ಲಿ ಆಗುವ ಆ ಒಪ್ಪಂದದ ಸುದ್ದಿಯನ್ನು ಭಾನುವಾರ ಓದಿದವನು ಸೋಮವಾರವೇ ಒಕ್ಕೂಟದ ಸಭೆಯಲ್ಲಿ ಉತ್ಸಾಹದಿಂದ ಬಿಚ್ಚಿಟ್ಟಿದ್ದ.

"ಆರಾರು ತಿಂಗಳಿಗೆ ತಲೆ ಬದಲಾದರೆ ಕೆಲಸ ಮುಂದುವರಿಯಲ್ಲ ಅಂತ ಅವರ ವಾದ. ಅದಕ್ಕೆ ನಾಯಕರ ಸಭೆಗೆ ಒಬ್ಬ ಖಾಯಂ ಅಧ್ಯಕ್ಷ. ಎರಡೂವರೆ ವರ್ಷ. ಸರದಿ ಅಧ್ಯಕ್ಷಗಿರಿಯೂ ಇರುತ್ತೆ, ಕೆಳಗಿನ ಮಂತ್ರಿಗಳ ಸಭೆಗಳಿಗೆ."

"ಅದ್ನೇ ನಾವೂ ಮಾಡಣ ಅಂತ."

"ಅದಿನ್ನೂ ಅಲ್ಲೇ ಜಾರಿಗೆ ಬಂದಿಲ್ಲ."

"ಬರ್ದೆ ಇದ್ರೇನು? ನಾವು ಅವ್ರಿಗಿಂತ ಮುಂದೆ ಜಾರಿ ಮಾಡಣ. ಯಾವಾಗ್ಲೂ ಅವ್ರ ಹಿಂದೇನೇ ಹೋಗ್ಬೇಕಾ?"

ಮುನಿಕೃಷ್ಣನಿಗೆ ಎಲ್ಲ ಅರ್ಥವಾಯಿತು. "ಸರದಿ ನಮ್ಮೂರಿಗೆ ಬಂದಾಗಲೇ ಜ್ಞಾಪಕ ಬಂತಾ ಗೌಡ್ರೆ?" ಎಂದ.

ಗೌಡರು ಅವಸರ ಮಾಡಲಿಲ್ಲ. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡರು. "ಹಂಗ್ ತಿಳ್ಕಬ್ಯಾಡ ಕಣಪ್ಪ. ಖಾಯಂ ಅಧ್ಯಕ್ಷ ನೀನೇ ಆಗು. ಕೆಳದೊಡ್ಡಿಯೋರಿಗೆ ಆರು ತಿಂಗಳು ಸಿಕ್ಕೋದ್ರ ಬದ್ಲು ಎರಡೂವರೆ ವರ್ಸ ಸಿಕ್ತದೆ. ಇದ್ರಲ್ಲಿ ಯಾರ್ಗೇನು ಅನ್ಯಾಯ ಆಯ್ತು, ನೀನೇ ಯೋಳು."

ಕತ್ತಲು ಇಳಿಯುತ್ತಿತ್ತು. ಹುಳದ ಮನೆಯಿಂದ ಸೊಪ್ಪಿನ ವಾಸನೆ ಬರುತ್ತಿತ್ತು. ಮುನಿಕೃಷ್ಣನಿಗೆ ಬೇಡ ಎನ್ನುವುದು ಸುಲಭವಿತ್ತು. ಬೇಡ ಎಂದರೆ ಗೌಡರೇ ಆಗುತ್ತಾರೆ, ಆದ ಮಾರನೇ ದಿನವೇ ಸಹಿ ಬೀಳುತ್ತದೆ, ಆರು ಊರಲ್ಲಿ ಐದು ಅವರ ಕೈಯಲ್ಲಿವೆ. ತಾನಾದರೆ ಪೆನ್ನು ತನ್ನ ಕೈಯಲ್ಲಿರುತ್ತದೆ. ಸಹಿ ಹಾಕದಿದ್ದರಾಯಿತು. ಭಾನುವಾರದ ಗೆಳೆಯರ ನಡುವೆ ಅಧಿಕಾರದ ಒಳಗೆ ಹೊಕ್ಕು ಹೋರಾಡುವ ಬಗ್ಗೆ ಅವನು ಎಷ್ಟು ಸಲ ಮಾತಾಡಿರಲಿಲ್ಲ. ಇದೇ ಆ ಬಾಗಿಲು ಎಂದು ಅವನಿಗೆ ತೋರಿತು. ಆರು ಊರಿನ ಅಧ್ಯಕ್ಷ, ಕಾಲೋನಿಯ ಹುಡುಗ. ಆ ಮಾತು ಒಳಗೆಲ್ಲೋ ಸಿಹಿಯಾಗಿಯೂ ಇತ್ತು. ಅದನ್ನು ಅವನು ತನಗೇ ಹೇಳಿಕೊಳ್ಳಲಿಲ್ಲ.

"ಇನ್ನೊಂದು ಐತಲ್ಲ ಮೇಷ್ಟ್ರೆ," ಕೆಂಪರಾಜು ಕೇಳಿದ. "ಖಾಯಂ ಆದೋನು ತನ್ನ ದೇಸದಾಗೆ ಹುದ್ದೆ ಇಟ್ಕಬಾರ್ದು ಅಂದ್ರಿ. ಹೌದಾ?"

"ಹೌದು. ಎಲ್ಲರಿಗೂ ಸೇರಿದವನಾಗಿರಬೇಕು ಅಂತ."

"ಹಂಗೇ. ನೀವೂ ಇನ್ಮೇಲೆ ಕೆಳದೊಡ್ಡಿ ಪರ ಮಾತಾಡಂಗಿಲ್ಲ. ಎಲ್ಲಾ ಊರಿಗೂ ಸೇರಿದೋರು. ಓಡಾಟದ ಕೆಲ್ಸಕ್ಕೆ ನಾನು ಕಾರ್ಯಾಧ್ಯಕ್ಷ ಆಯ್ತೀನಿ. ನಿಮ್ಗೆ ಸ್ಕೂಲು ಬುಟ್ಟು ಅಲೆಯಾಕಾಯ್ತದಾ?"

ಎಲ್ಲಾ ಊರಿಗೂ ಸೇರಿದವರು. ಊರೊಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ತಂದೆಯ ಮಗನಿಗೆ ಆ ಮಾತು ಹೇಗೆ ಕೇಳಿಸಿರಬೇಕು. ಹೂಂ ಎಂದುಬಿಟ್ಟ.

ಅತ್ತೆಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಎರಡು ವಾರದಿಂದ ಕಾಲೋನಿಯ ಮನೆ ಮನೆಗೂ ಹೋಗಿ ಅಧ್ಯಕ್ಷೆಯಾದರೆ ಮೊದಲು ಏನು ಕೇಳಲಿ ಎಂದು ವಿಚಾರಿಸಿಕೊಂಡು ಬರುತ್ತಿದ್ದಳು. ತೋಪು, ಕುಡಿಯುವ ನೀರು, ಮಕ್ಕಳ ಕಜ್ಜಿಗೆ ಡಾಕ್ಟರು. ಅವನು ಹೇಳುವುದೆಲ್ಲ ಮುಗಿಯುವವರೆಗೆ ಕೋಲು ನಿಲ್ಲಿಸಲಿಲ್ಲ.

"ಆ ದೇಸದಾಗೆ," ಅಂದಳು ಆಮೇಲೆ, "ಚಿಕ್ಕೋರ ಸರದಿ ಬಂದಾಗ್ಲೇ ಕಟ್ಲೆ ಬದಲಾಯಿಸಿದ್ರಾ?"

"ಇಲ್ಲ ಅತ್ತೆ. ಅಲ್ಲಿ ಕಾರಣ ಬೇರೆ. ಜನವರಿಯಿಂದ ಸ್ಲೊವೇನಿಯಾ ಅಂತ ಒಂದು ಪುಟ್ಟ ದೇಶದ ಸರದಿ. ಅವರಿಗೆ ಕೊಡ್ತಾವ್ರೆ."

"ಅವ್ರಿಗೆ ಕೊಡ್ತಾವ್ರೆ. ನಂಗೆ ಇಲ್ಲ."

"ಸಹಿ ನನ್ನ ಕೈಲಿರುತ್ತೆ. ನಾನು ಹಾಕಲ್ಲ. ನೀನು ಇದ್ದಂಗೇ ತಾನೆ ನಾನಿದ್ರೆ?"

"ನಾನಿದ್ದಂಗೆ ಅಲ್ಲ ಕಣಪ್ಪ. ನನ್ನ ಈ ಜನ ಕಳ್ಸವ್ರೆ. ನಿನ್ನ ಗೌಡ ಕಳ್ಸವ್ನೆ." ಮುದ್ದೆಯನ್ನು ತಟ್ಟೆಗೆ ಕೆಡವಿ ಅವನ ಮುಂದಿಟ್ಟಳು. "ಉಣ್ಣು. ಆರೋಯ್ತದೆ."

ಜನವರಿಯ ಮೊದಲ ಸಭೆ ಹಿರೇದೊಡ್ಡಿಯ ಶಾಲೆಯ ಅಂಗಳದಲ್ಲಿ ನಡೆಯಿತು. ದರ್ಗಾಪಾಳ್ಯದ ಶರೀಫ್ ಆವರೆಗಿನ ಅಧ್ಯಕ್ಷ. ಟವೆಲ್ಲು ಅವನ ಹೆಗಲ ಮೇಲಿತ್ತು. ದೊಡ್ಡಲಕ್ಷ್ಮಮ್ಮ ಮುಂದಿನ ಸಾಲಿನಲ್ಲಿ ಕಾಲೋನಿಯ ಹೆಂಗಸರ ಜೊತೆ ಕೂತಿದ್ದಳು. ಕೆಂಪರಾಜು ಹೊಸ ಕಟ್ಟಳೆ ಓದಿದ. ಯುರೋಪು, ಲಿಸ್ಬನ್, ಖಾಯಂ ಅಧ್ಯಕ್ಷ. ಮುನಿಕೃಷ್ಣನ ಮಾತುಗಳೇ, ಒಂದೂ ಬಿಡದೆ, ಇನ್ನೊಬ್ಬರ ಬಾಯಲ್ಲಿ.

"ಹಾಗಾದ್ರೆ ಸರದಿ ಅಧ್ಯಕ್ಷರಿಗೆ ಏನು ಕೆಲ್ಸ?" ಶರೀಫ್ ಕೇಳಿದ.

"ಸಭೆ ಕರೆಯೋದು. ಯಾವ್ಯಾವೂರೋರು ಬಂದವ್ರೆ ಅಂತ ಹೆಸರು ಕೂಗೋದು. ಸ್ವಾಗತ."

"ಕುರ್ಚಿ ಹಾಕೋದೂ ಅಂತ ಸೇರಿಸ್ಕ," ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು.

ಶರೀಫ್ ನಗಲಿಲ್ಲ. "ನನ್ ಸರದಿಲಿ ಸಹಿ ಇತ್ತು. ಆಯಮ್ಮನ ಸರದಿಲಿ ಸ್ವಾಗತ ಮಾತ್ರನಾ?" ಎಂದು ಮುನಿಕೃಷ್ಣನ ಕಡೆ ತಿರುಗಿದ. "ನೀವೇನಂತೀರ ಮೇಷ್ಟ್ರೆ?"

ಇಡೀ ಅಂಗಳ ಅವನನ್ನು ನೋಡಿತು. ಆಗ ಒಂದು ಮಾತು ಸಾಕಾಗಿತ್ತು. "ಒಕ್ಕೂಟದ ಒಳ್ಳೇದಕ್ಕೆ," ಎಂದ ಮುನಿಕೃಷ್ಣ. ಧ್ವನಿ ತನ್ನದಲ್ಲವೆನಿಸಿತು. ಶರೀಫ್ ಟವೆಲ್ಲು ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತ. ಕೆಂಪರಾಜು ಅದನ್ನು ಇಸಕೊಂಡು ಮುನಿಕೃಷ್ಣನ ಹೆಗಲಿಗೆ ಹಾಕಿದ. ಚಪ್ಪಾಳೆ ಬಿತ್ತು. ಗೌಡರೇ ಮೊದಲು ತಟ್ಟಿದರು. ದೊಡ್ಡಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಸಭೆ ಮುಗಿಯುವ ಮೊದಲೇ ಹೆಂಗಸರನ್ನು ಕರೆದುಕೊಂಡು ಹೊರಟುಹೋದಳು.

ಫೆಬ್ರವರಿಯಲ್ಲಿ ರಾಮನಗರದ ಒಂದು ಕಚೇರಿಗೆ ಅವನನ್ನು ಕರೆಸಿದರು. ಜಿಲ್ಲೆಯಾಗಿ ಇನ್ನೂ ವರ್ಷ ತುಂಬದ ಊರು. ಹೊಸ ಬೋರ್ಡುಗಳ ಬಣ್ಣ ಒಣಗಿರಲಿಲ್ಲ. ಕಾರ್ಖಾನೆಗಳ ಪರವಾಗಿ ಬಂದಿದ್ದ ಇಬ್ಬರು ಎದ್ದು ಕೈ ಕುಲುಕಿದರು. ಮುನಿಕೃಷ್ಣ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಹೇಳಿದ: ತೋಪಿನ ದಾರಿಗೆ ಒಕ್ಕೂಟದ ಅಧ್ಯಕ್ಷನಾಗಿ ನಾನು ಸಹಿ ಹಾಕುವುದಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಕೆಂಪರಾಜುವನ್ನು ನೋಡಿದ. ಕೆಂಪರಾಜು ಗೋಡೆಯ ಕ್ಯಾಲೆಂಡರು ನೋಡಿದ.

"ಸಹಿ ಆಗಿದೆಯಲ್ಲ ಸಾರ್," ಎಂದ ಅಧಿಕಾರಿ. "ಕಾರ್ಯಾಧ್ಯಕ್ಷರು ಹೋದ ವಾರವೇ ಹಾಕಿದ್ದಾರೆ. ನಿಮ್ಮ ಹೊಸ ಕಟ್ಟಳೆಯಲ್ಲೇ ಇದೆ, ಓಡಾಟ, ವ್ಯವಹಾರವೆಲ್ಲ ಅವರದು ಅಂತ. ನಿಮ್ಮದು ಗೌರವದ ಸ್ಥಾನ. ಇವತ್ತು ಫೋಟೋಗೆ ಕರೆಸಿದ್ದು."

"ಓಡಾಟದ ಕೆಲ್ಸ ಅಂದಿದ್ರಿ," ಮುನಿಕೃಷ್ಣ ಕೆಂಪರಾಜುವಿಗೆ ಹೇಳಿದ.

"ಓಡಾಡಿದ್ನಲ್ಲ ಮೇಷ್ಟ್ರೆ. ಓಡಾಡಿ ಹಾಕಿದ್ದು."

ಅವನು ಎದ್ದು ಹೋಗುವಷ್ಟರಲ್ಲಿ ಬಾಗಿಲ ಬಳಿ ಹೂವಿನ ಹಾರ ಹಿಡಿದವನೊಬ್ಬ ಅಡ್ಡ ನಿಂತು ಕೊರಳಿಗೆ ಹಾಕಿದ, ಫೋಟೋ ತೆಗೆದರು. ಮಾರನೇ ದಿನ ಪತ್ರಿಕೆಯಲ್ಲಿ, ಹಾರ ಹಾಕಿಕೊಂಡ ಮುನಿಕೃಷ್ಣನ ಮುಖದ ಕೆಳಗೆ, ಆರು ಹಳ್ಳಿಗಳ ಹೋರಾಟಕ್ಕೆ ಜಯ ಎಂದಿತ್ತು. ಜಯವೇ ಆಗಿತ್ತು. ಹಳ್ಳದ ನೀರು ತಿಳಿಯಾಗಲಿತ್ತು. ಯಾರ ನೀರು ತಿಳಿಯಾಗಲು ಯಾರ ಗೋರಿ ಅಗೆಯಬೇಕು ಎಂಬುದು ಈ ದೇಶದಲ್ಲಿ ಎಂದಿನಿಂದಲೂ ತೀರ್ಮಾನವಾಗಿಯೇ ಇರುತ್ತದೆ. ಅದಕ್ಕೆ ಕಟ್ಟಳೆಗಳನ್ನು ಮಾತ್ರ ಆಗಾಗ ಹೊಸದಾಗಿ ಹುಡುಕಿಕೊಳ್ಳುತ್ತಾರೆ. ಬೇಕಾದರೆ ಯುರೋಪಿನಿಂದಲೂ ತರಿಸುತ್ತಾರೆ.

ಜೆಸಿಬಿ ಬಂದದ್ದು ಯುಗಾದಿಗೆ ಮುಂಚೆ, ಬೆಳಗಿನ ಹೊತ್ತು. ಮುನಿಕೃಷ್ಣ ಶಾಲೆಯಿಂದ ಸೈಕಲ್ಲು ತುಳಿದುಕೊಂಡು ಬರುವಷ್ಟರಲ್ಲಿ ತೋಪಿನ ಅಂಚಿನ ಹುಣಸೆಮರ ಉರುಳಿತ್ತು. ಪೊಲೀಸರಿದ್ದರು. ಕಾಲೋನಿಯ ಹೆಂಗಸರು ಗುರುತಿನ ಸುಣ್ಣದ ಗೆರೆಯ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡಲಕ್ಷ್ಮಮ್ಮ ನಿಂತಿದ್ದಳು. ಕೆಂಪರಾಜು ಜೀಪಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ.

"ಇಕ್ಕೋ, ಅಧ್ಯಕ್ಷರೇ ಬಂದ್ರು," ಇನ್ಸ್‌ಪೆಕ್ಟರ್ ಅವನನ್ನು ಕರೆದ. "ಹೇಳಿ ಸಾರ್ ಇವರಿಗೆ. ನಿಮ್ಮ ಒಕ್ಕೂಟದ್ದೇ ಒಪ್ಪಿಗೆ ಪತ್ರ. ಹೆಂಗಸರ ಮೈಮೇಲೆ ಕೈ ಹಾಕೋದು ನಮಗೂ ಇಷ್ಟ ಇಲ್ಲ."

"ನಾನು ಒಪ್ಪಿಲ್ಲ. ನಾನು ಸಹಿ ಹಾಕಿಲ್ಲ."

"ಫೋಟೋದಲ್ಲಿದ್ದೀರಲ್ಲ."

"ಇವತ್ತೇ ರಾಜೀನಾಮೆ ಕೊಡ್ತೀನಿ."

"ಕೊಡಿ ಮೇಷ್ಟ್ರೆ," ಕೆಂಪರಾಜು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ. "ಸಭೇಲಿ ಕೊಡ್ಬೇಕು. ಸಭೆ ಕರೆಯೋದು ನಿಮ್ಮತ್ತೆ ಕೆಲ್ಸ."

ಅದನ್ನು ಕೇಳಿಸಿಕೊಂಡ ದೊಡ್ಡಲಕ್ಷ್ಮಮ್ಮ ಇತ್ತ ತಿರುಗಿದಳು. "ಕರ್ದಿವ್ನಿ. ಇಲ್ಲೇ, ಈಗ್ಲೇ. ನಾನು ಈ ಒಕ್ಕೂಟದ ಸರದಿ ಅಧ್ಯಕ್ಷೆ," ಎಂದು ಇನ್ಸ್‌ಪೆಕ್ಟರಿಗೆ ಹೇಳಿದಳು. "ನಂಗೆ ಕೊಟ್ಟಿರಾ ಕೆಲ್ಸ ನಾನು ಮಾಡ್ತೀನಿ. ಅಲ್ಲೀಗಂಟ ಒಸಿ ತಡೀರಿ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ. ತಡೆಯಲೋ ಬೇಡವೋ ಎಂದು ಕೆಂಪರಾಜುವನ್ನು ನೋಡಿದ. ಕೆಂಪರಾಜು ಭುಜ ಕುಣಿಸಿದ.

ಅವಳು ಹಳ್ಳದ ಮೇಲ್ಗಡೆಗೆ ಮುಖ ಮಾಡಿ ಕೂಗಿದಳು. "ಹಿರೇದೊಡ್ಡಿ."

ಹಿರೇದೊಡ್ಡಿಯವರು ಯಾರೂ ಬಂದಿರಲಿಲ್ಲ. ಕೆಂಪರಾಜು ಒಬ್ಬನಿದ್ದ, ಅವನು ಓಗೊಡಲಿಲ್ಲ.

"ಗವಿದೊಡ್ಡಿ."

ಜೆಸಿಬಿಯ ಎಂಜಿನ್ನು ಗುರುಗುಟ್ಟುತ್ತಿತ್ತು.

"ತೋಪಿನಪಾಳ್ಯ. ಅಂಕನಪಾಳ್ಯ." ಒಂದೊಂದು ಹೆಸರಿಗೂ ನಿಂತು ಕಾದಳು, ಎದುರಿಗೆ ಜನ ಕೂತಿದ್ದರೆ ಹೇಗೆ ಕಾಯುತ್ತಾರೋ ಹಾಗೆ. "ದರ್ಗಾಪಾಳ್ಯ."

ಶರೀಫ್ ರಸ್ತೆಯ ಆಚೆ ರೇಷ್ಮೆಗೂಡಿನ ಚೀಲ ಹೇರಿದ ಮೊಪೆಡ್ಡು ನಿಲ್ಲಿಸಿಕೊಂಡು ನಿಂತಿದ್ದ. ಪೊಲೀಸರನ್ನು ನೋಡಿದ. "ಇದೀನಿ ಅಮ್ಮ," ಎಂದ ಕೊನೆಗೆ, ಬಹಳ ಸಣ್ಣಗೆ.

"ಕೆಳದೊಡ್ಡಿ."

"ಇದೀವಿ," ಹೆಂಗಸರು ಕೂತಲ್ಲೇ ಒಟ್ಟಿಗೆ ಅಂದರು. ಅವರ ಜೊತೆಗೆ ಮುನಿಕೃಷ್ಣನ ಗಂಟಲಿನಿಂದಲೂ ಬಂತು ಆ ಮಾತು, ತಾನಾಗಿ, ಚಿಕ್ಕಂದಿನಿಂದ ಬಂದ ಅಭ್ಯಾಸದಂತೆ. ದೊಡ್ಡಲಕ್ಷ್ಮಮ್ಮ ಅವನ ಕಡೆ ನೋಡಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಕೋಪವಿದ್ದಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

"ನೀವಲ್ಲ ಅಧ್ಯಕ್ಷ್ರೆ," ಎಂದಳು. "ಕೆಳದೊಡ್ಡಿಯೋರ್ನ ಕರ್ದಿದ್ದು."

ಆರರಲ್ಲಿ ಎರಡು. ಸಭೆ ಆಗಲಿಲ್ಲ. ಮಹಿಳಾ ಪೊಲೀಸರು ಬಂದು ಒಬ್ಬೊಬ್ಬರನ್ನೇ ತೋಳು ಹಿಡಿದು ಎಬ್ಬಿಸಿದರು. ಬಿಡಿಸಿಕೊಳ್ಳಲು ಹೋದವರನ್ನು ವ್ಯಾನಿಗೆ ಹಾಕಿದರು. ಮುನಿಕೃಷ್ಣ ಅಡ್ಡ ಹೋದ. ಅವನ ಮೇಲೆ ಯಾರೂ ಕೈ ಹಾಕಲಿಲ್ಲ, ಅವನನ್ನು ವ್ಯಾನಿಗೂ ಹತ್ತಿಸಲಿಲ್ಲ. "ಸಾರ್, ಸ್ವಲ್ಪ ಈ ಕಡೆ ಬನ್ನಿ," ಎಂದು ಮರ್ಯಾದೆಯಿಂದ ನೆರಳಿನಲ್ಲಿ ನಿಲ್ಲಿಸಿದರು.

ಮಧ್ಯಾಹ್ನದ ಹೊತ್ತಿಗೆ ಪೈಪಿಗೆ ತೋಡಿದ ಕಾಲುವೆ ತೋಪಿನ ನಡುವಿಗೆ ಬಂದಿತ್ತು. ಸಂಜೆ ಠಾಣೆಯಿಂದ ಬಿಡಿಸಿಕೊಂಡು ಬಂದ ಹೆಂಗಸರು ಸೊಪ್ಪಿನ ಮಂಕರಿಗಳನ್ನು ತಂದರು. ಜೆಸಿಬಿ ಎತ್ತಿ ಹಾಕಿದ ಮಣ್ಣಿನ ದಿಬ್ಬದಲ್ಲಿ ಕೈಯಾಡಿಸಿ ಮೂಳೆ ಆಯ್ದು ತುಂಬತೊಡಗಿದರು. ಯಾರೂ ಅಳಲಿಲ್ಲ. ಯಾರದು ಯಾವುದೆಂದು ಕೇಳುವಂತಿರಲಿಲ್ಲ. ಸಿಕ್ಕಿದ್ದೆಲ್ಲ ಒಂದೇ ಮಂಕರಿಗೆ.

ಮುನಿಕೃಷ್ಣ ಚಪ್ಪಲಿ ಬಿಟ್ಟು ದಿಬ್ಬಕ್ಕೆ ಇಳಿದ. ಬಾ ಎಂದು ಯಾರೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿದ. ಕೆದಕುತ್ತಲೇ ಕೇಳಿದ, "ಅಪ್ಪನ್ನ ಇಟ್ಟಿದ್ದು ಯಾವ ಕಡೆ ಅತ್ತೆ?"

ದೊಡ್ಡಲಕ್ಷ್ಮಮ್ಮ ತಲೆ ಎತ್ತಿ ತೋಪನ್ನು ನೋಡಿದಳು. ಹುಣಸೆಮರದಿಂದ ಅಳತೆ ಹಿಡಿದುಕೊಂಡು ಹೇಳುವವಳಿದ್ದಳು, ಮರ ಇರಲಿಲ್ಲ.

"ಗೊತ್ತಾಯ್ತಿಲ್ಲ," ಎಂದಳು, ಮತ್ತೆ ಮಣ್ಣಿಗೆ ಕೈ ಹಾಕಿದಳು.